ಮಿನೋವಾ ಸಾನರ ಕೋಟಿನ ಅಂಚು

ಮಿನೋವಾ ಸಾನ್ ಯಾರ ಮುಖವನ್ನೂ ಮೊದಲು ನೋಡಿದವರಲ್ಲ. ಎದುರಿಗೆ ಬಂದವರು ಅಂಗಡಿಯ ಗಿರಾಕಿಯಾಗಿರಲಿ, ಪೊಲೀಸಿನವನಾಗಿರಲಿ, ಸ್ವಂತ ನೆಂಟರೇ ಆಗಿರಲಿ, ಅವರ ದೃಷ್ಟಿ ನೇರವಾಗಿ ನೆಲಕ್ಕಿಳಿದು, ಪಾದಗಳ ಮೇಲೆ ಒಂದಷ್ಟು ಹೊತ್ತು ಕುಳಿತು, ಅಲ್ಲಿಂದ ಮೊಣಕಾಲಿಗೆ, ಸೊಂಟಕ್ಕೆ, ಭುಜಕ್ಕೆ ಮೆಟ್ಟಿಲು ಹತ್ತಿದಂತೆ ನಿಧಾನವಾಗಿ ಏರಿ, ಕಟ್ಟಕಡೆಗೆ ಮುಖವನ್ನು ತಲುಪುತ್ತಿತ್ತು. ಅಷ್ಟರಲ್ಲಿ ಎದುರಿನವರ ಅರ್ಧ ಮಾತು ಮುಗಿದಿರುತ್ತಿತ್ತು. ನಾನು ಅವರನ್ನು ಮೊದಲು ಕಂಡ ದಿನ, ಜಪಾನಿನ ಒಸಾಕಾ ನಗರದ ನಿಪ್ಪೊಂಬಾಶಿ ಬಡಾವಣೆಯ ಒಂದು ಇಕ್ಕಟ್ಟಾದ ಮರದ ಮೆಟ್ಟಿಲ ಮೇಲೆ ನಿಂತು ನನ್ನ ಹೆಸರು, ಊರು ಹೇಳಿಕೊಳ್ಳುತ್ತಿದ್ದರೆ, ಅವರು ನನ್ನ ಬೂಟುಗಳಿಗೆ ತಲೆಬಾಗಿ ವಂದಿಸಿ, "ಬಲಗಾಲು ಆಗ್ಲೇ ಈ ಊರಿಗೆ ಒಗ್ಗಿಬಿಟ್ಟಿದೆ. ಎಡಗಾಲಿಗೆ ಮಾತ್ರ ಇನ್ನೂ ಯಾಕೋ ಬೇಜಾರು" ಎಂದರು. ಅದು ತಮಾಷೆಯೋ ರೋಗನಿದಾನವೋ ತಿಳಿಯದೆ ನಾನು ನಕ್ಕೆ. ಅವರು ನಗಲಿಲ್ಲ.

ಆ ಮೆಟ್ಟಿಲು ಹತ್ತಿದರೆ ತಾನೆದಾ ಅವರ ಹಳೆಯ ವಿಡಿಯೊ ಗೇಮ್ ಅಂಗಡಿಯ ಅಟ್ಟ. ಕೆಳಗೆ ವ್ಯಾಪಾರ, ಮೇಲೆ ಮಾರಾಟವಾಗದ ಪೆಟ್ಟಿಗೆಗಳು, ಬಾರ್ಲಿ ಚಹಾದ ಹೂಜಿ, ಒಬ್ಬರಿಂದ ಎತ್ತಲಾಗದ ಉಬ್ಬುಗಾಜಿನ ಹಳೆಯ ಟೀವಿ. ಭಾನುವಾರ ಮಧ್ಯಾಹ್ನ ನಾವು ಐದಾರು ಜನ ಅದರ ಮುಂದೆ ಕುಳಿತು ನೋಡುತ್ತಿದ್ದುದು ಟಾಸ್. ಹಾಗೆಂದರೇನೆಂದು ಹೊಸಬರು ಕೇಳಿದರೆ ತಾನೆದಾ ಅಕ್ಕಿಬಿಲ್ಲೆ ಕಡಿಯುತ್ತಲೇ ಉತ್ತರ ಕೊಡುತ್ತಿದ್ದರು: "ಮನುಷ್ಯರ ಕೈಲಿ ಆಗದ್ದನ್ನ ಮನುಷ್ಯರೇ ಮಾಡೋದು ಕಣ್ರೀ."

ಅದು ಸರಿಯಾದ ಮಾತು. ಹಳೆಯ ಆಟವೊಂದನ್ನು ಕಂಪ್ಯೂಟರಿನಲ್ಲಿ ತೆರೆದು, ಕಾಲವನ್ನೇ ನಿಲ್ಲಿಸಿ, ಒಂದೊಂದೇ ಚಿತ್ರವನ್ನು ಮುಂದೆ ಸರಿಸುತ್ತಾ, ಈ ಚಿತ್ರಕ್ಕೆ ಯಾವ ಬಟನ್, ಮುಂದಿನದಕ್ಕೆ ಯಾವುದು ಎಂದು ಆರಿಸುತ್ತಾ, ತಪ್ಪಿದರೆ ಹಿಂದಕ್ಕೆ ಹೋಗಿ ಮತ್ತೆ ಒತ್ತುತ್ತಾ, ರೇಷ್ಮೆಯ ಎಳೆ ಕೂಡಿಸುವವರ ಸಹನೆಯಿಂದ ಆರಂಭದಿಂದ ಅಂತ್ಯದವರೆಗೂ ನೇಯುತ್ತಾರೆ. ಹಾಗೆ ನೇಯ್ದದ್ದನ್ನು ಸಹಜ ವೇಗದಲ್ಲಿ ಓಡಿಸಿದಾಗ ಆಟದೊಳಗಿನ ಪುಟ್ಟ ಆಕೃತಿ ಬಾಣಗಳ ನಡುವೆ ಕೂದಲೆಳೆಯ ಅಂತರದಲ್ಲಿ ಹಾದು, ಗೋಡೆಗಳ ಬಿರುಕಿನಲ್ಲಿ ನುಸುಳಿ, ಶಾಪ ವಿಮೋಚನೆಯಾದ ಗಂಧರ್ವನಂತೆ ಹಾರಿಹೋಗುತ್ತದೆ. ಒಬ್ಬರು ಮಾಡಿದ್ದನ್ನು ಮತ್ತೊಬ್ಬರು ರೆಪ್ಪೆ ಬಡಿಯುವಷ್ಟಾದರೂ ಬೇಗ ಮುಗಿಸಿದರೆ ಹಳೆಯದು ಪಕ್ಕಕ್ಕೆ ಸರಿಯುತ್ತದೆ. ಆದರೆ ಹಳೆಯದರ ಹೆಜ್ಜೆಗಳನ್ನು ಬಳಸಿಕೊಂಡವರು ಹಳಬರ ಹೆಸರನ್ನು ಮೊದಲು ಹಾಕಿ ತಮ್ಮ ಹೆಸರನ್ನು ಅದರ ಕೆಳಗೆ ಹಾಕಬೇಕು. ಈ ಮಂದಿಯ ನಡುವೆ ಅದೊಂದನ್ನು ಮೀರಿದವರಿಗೆ ಚಹಾ ಸಿಗುವುದಿಲ್ಲ.

ನೋಡುವವರೆಲ್ಲ ಒಂದು ತಮಾಷೆ ಕಟ್ಟಿಕೊಂಡಿದ್ದರು. ಇದನ್ನೆಲ್ಲ ಆಡುವವನು ಟಾಸ್ ಸಾನ್, ಅಂದರೆ ಟಾಸ್ ರಾಯರು, ಎಂಬ ಒಬ್ಬನೇ ಮಹಾಪುರುಷ. ಅವನಿಗೆ ನಿದ್ದೆಯಿಲ್ಲ, ಊಟವಿಲ್ಲ, ಬೆರಳು ಮಾತ್ರ ಇದೆ ಎಂದು. ಯಾರಾದರೂ "ಟಾಸ್ ಸಾನ್ ಇವತ್ತು ಖುಷಿಯಾಗಿದ್ದಾನೆ" ಎಂದರೆ ನಾವೆಲ್ಲ ನಗುತ್ತಿದ್ದೆವು. ಮಿನೋವಾ ಸಾನ್ ಮಾತ್ರ ಹುಬ್ಬು ಗಂಟಿಕ್ಕುತ್ತಿದ್ದರು. "ಕಪ್ಪು ಮುಸುಕು ಹಾಕ್ಕೊಳ್ಳೋದು ಟಿಕೆಟ್ ತಗೊಂಡು ಬಂದೋರು ನಮ್ಮನ್ನ ಮರೀಲಿ ಅಂತ. ನಮ್ಮಂಗೆ ಒಳಮನೇಲಿ ಕೂತೋರೂ ಮರೆತ್ರೆ ಹ್ಯಾಗೆ?"

ಮುಸುಕಿನ ಮಾತು ಅವರ ಬಾಯಿಗೆ ಸುಮ್ಮನೆ ಬಂದದ್ದಲ್ಲ. ನಮ್ಮ ಬೀದಿಯಾಚೆ ಬುನ್ರಾಕು ಬೊಂಬೆಯಾಟದ ರಂಗಮಂದಿರವಿದೆ. ಅಲ್ಲಿ ಒಂದು ಬೊಂಬೆಯನ್ನಾಡಿಸಲು ಮೂವರು: ಹಿರಿಯರು ತಲೆಗೂ ಬಲಗೈಗೂ, ಇನ್ನೊಬ್ಬರು ಎಡಗೈಗೆ, ಕಿರಿಯವನು ಕಾಲಿಗೆ. ಮಿನೋವಾ ಸಾನ್ ತಾರುಣ್ಯದಲ್ಲಿ ಕಾಲಿನವರಾಗಿದ್ದರು. ಸೊಂಟ ಬಗ್ಗಿಸಿ, ಮುಸುಕಿನೊಳಗೆ ಬೆವರುತ್ತಾ, ಯೋಧರ ಕಾಲುಗಳನ್ನು ನಡೆಸಿದ್ದರು, ಕುಣಿಸಿದ್ದರು. ಹೆಣ್ಣು ಬೊಂಬೆಗಳಿಗೆ ಕಾಲೇ ಇರುವುದಿಲ್ಲ. ಕಿಮೊನೊದ ಅಂಚನ್ನು ಎರಡು ಕೈಗಳ ಬೆರಳುಗಳಲ್ಲಿ ಚಿವುಟಿ ಹಿಡಿದು, ಒಳಗೆ ಮೊಣಕಾಲುಗಳಿವೆ, ಅವು ನಡುಗುತ್ತಿವೆ, ಅವು ಈಗ ಕುಸಿಯಲಿವೆ ಎಂದು ಸಭೆಯನ್ನು ನಂಬಿಸಬೇಕು. ಇಲ್ಲದ ಕಾಲನ್ನು ಬಟ್ಟೆಯಲ್ಲಿ ಹುಟ್ಟಿಸುವ ಆ ವಿದ್ಯೆಯಿಂದ ಮಿನೋವಾ ಸಾನರಿಗೆ ಉಳಿದುಬಂದದ್ದು ಒಂದು ಬಾಗಿದ ಬೆನ್ನು ಮತ್ತು ಒಂದು ಚಾಳಿ.

ಚಾಳಿಯನ್ನು ಅವರ ಕೋಟು ಹೇಳುತ್ತಿತ್ತು. ಕಂದು ಬಣ್ಣದ ಉಣ್ಣೆಯ ಕೋಟು. ಕಡುಬೇಸಿಗೆಯ ಕೆಲವು ವಾರ ಬಿಟ್ಟರೆ ಮೈಮೇಲೆ ಇದ್ದೇ ಇರುತ್ತಿತ್ತು. ಮೊಣಕೈ, ಕೊರಳಪಟ್ಟಿ ಎಲ್ಲ ಹೊಸದರಂತೆಯೇ ಇದ್ದು, ಮುಂಭಾಗದ ಕೆಳಅಂಚಿನಲ್ಲಿ ಮಾತ್ರ ಎರಡು ಕಡೆ ಉಣ್ಣೆ ಸವೆದು ನೂಲು ಕಾಣುತ್ತಿತ್ತು. ಟೀವಿಯ ಮುಂದೆ ಎಲ್ಲರಿಗಿಂತ ತಗ್ಗಿನಲ್ಲಿ, ಬೋರಲು ಹಾಕಿದ ಒಂದು ಪೆಟ್ಟಿಗೆಯ ಮೇಲೆ ಕುಳಿತು (ಕುರ್ಚಿ ಕೊಟ್ಟರೆ "ಅಷ್ಟು ಎತ್ತರದಿಂದ ಏನು ಕಾಣತ್ತೆ?" ಎನ್ನುತ್ತಿದ್ದರು), ಆಟ ಆರಂಭವಾಗುತ್ತಲೇ ಅವರ ಬೆರಳುಗಳು ಆ ಎರಡು ಜಾಗಗಳನ್ನು ಹುಡುಕಿಕೊಂಡು ಹೋಗಿ ಅಂಚನ್ನು ಚಿವುಟಿ ಹಿಡಿಯುತ್ತಿದ್ದವು. ಪರದೆಯ ಆಕೃತಿ ಓಡಿದರೆ ಅಂಚು ಮೆಲ್ಲಗೆ ಮಿಡಿಯುತ್ತಿತ್ತು, ಜಿಗಿದರೆ ಏಳುತ್ತಿತ್ತು. ಎಲ್ಲಾದರೂ ತಪ್ಪು ಕಂಡರೆ, ಬಿಸಿ ತಗುಲಿದವರಂತೆ, ಬಲಗಡೆಯ ಅಂಚು ಒಮ್ಮೆ ಹಾರುತ್ತಿತ್ತು. ಅವರ ಮುಖದಲ್ಲಿ ಒಂದು ಗೆರೆಯೂ ಕದಲುತ್ತಿರಲಿಲ್ಲ. ಇದು ಅವರಿಗೇ ಗೊತ್ತಿರಲಿಲ್ಲವೆಂದು ಕಾಣುತ್ತದೆ.

ಅವರ ನಿಯಮಗಳು ಎರಡೇ. ಮೊದಲನೆಯದು, ಯಾವ ಟಾಸನ್ನಾದರೂ ಮೊದಲ ಬಾರಿ ನಡುವೆ ನಿಲ್ಲಿಸದೆ ನೋಡಬೇಕು. "ಮಾಡಿದೋರು ಒಂದೊಂದು ಚಿತ್ರಕ್ಕೂ ನಿಂತು ನಿಂತು ಬಂದಿದ್ದಾರೆ. ನೋಡೋರು ಒಂದ್ಸಲ ಆದ್ರೂ ನಿಲ್ಲದೆ ನೋಡೋದು ಮರ್ಯಾದೆ." ಎರಡನೆಯದು, ಮುಗಿದ ಮೇಲೆ ಒಂದೇ ಒಂದು ದೋಷ ಹೇಳುವುದು. ಎರಡು ಯಾಕೆ ಹೇಳಬಾರದೆಂದು ನಾನೊಮ್ಮೆ ಕೇಳಿದ್ದೆ. "ಎರಡು ಹೇಳಿದ್ರೆ ಸುಲಭದ್ದನ್ನ ಆರಿಸ್ಕೋತಾರೆ" ಎಂದರು. ದೋಷ ಹೇಳುವ ಮುನ್ನ ಗಂಟಲು ಸರಿಮಾಡಿಕೊಂಡು, "ಹಾಗಾದ್ರೆ, ಕಾಲಿನ ಕಡೆಯಿಂದ…" ಎಂದು ಶುರುಮಾಡುವರು. ದೋಷವಿದ್ದದ್ದು ಕಾಲಿನಲ್ಲಾದರೂ ಸರಿ, ಕತ್ತಿಯಲ್ಲಾದರೂ ಸರಿ, ಮೋಡದಲ್ಲಾದರೂ ಸರಿ, ಪೀಠಿಕೆ ಅದೇ.

ಒಮ್ಮೆ ಉತ್ತರದ ಯಾವುದೋ ಊರಿನಿಂದ ಒಬ್ಬ ಪ್ರಸಿದ್ಧ ಟಾಸ್ ಕುಶಲಕರ್ಮಿ ತನ್ನ ಹೊಸ ಕೃತಿ ತೋರಿಸಲು ರೈಲು ಹಿಡಿದು ಬಂದಿದ್ದ. ಆಟದ ನಡುವೆ ಒಂದು ತೆಪ್ಪದ ಪಯಣ. ತೆಪ್ಪ ತನ್ನ ವೇಗದಲ್ಲೇ ಹೋಗುತ್ತದೆ, ಯಾವ ಬಟನ್ ಒತ್ತಿದರೂ ಬೇಗ ಹೋಗದು. ಅವನ ಆಕೃತಿ ಅಲ್ಲಿ ಸುಮ್ಮನೆ ನಿಂತಿತ್ತು. ಮಿಕ್ಕದ್ದೆಲ್ಲ ನಾವು ಬಾಯಿ ತೆರೆದು ನೋಡುವಂತಿತ್ತು. ಮುಗಿದ ಮೇಲೆ ಮಿನೋವಾ ಸಾನ್, "ಹಾಗಾದ್ರೆ, ಕಾಲಿನ ಕಡೆಯಿಂದ… ತೆಪ್ಪದ ಮೇಲೆ ನಿಮ್ಮ ಬೊಂಬೆ ಸತ್ತುಹೋಗಿತ್ತು" ಎಂದರು.

ಅವನಿಗೆ ಸಿಟ್ಟು ಬಂತು. "ಅಲ್ಲಿ ಉಳಿಸೋಕೆ ಏನೂ ಇಲ್ಲ ಸ್ವಾಮಿ. ಏನು ಮಾಡಿದ್ರೂ ಒಂದೇ ಹೊತ್ತು."

"ಅದಕ್ಕೇ ಹೇಳಿದ್ದು. ಉಳಿಸೋಕೆ ಏನೂ ಇಲ್ಲದ ಕಡೆ ತಾನೇ ನೀವು ಯಾರು ಅಂತ ಗೊತ್ತಾಗೋದು?"

ತಾನೆದಾ ಸಮಾಧಾನಕ್ಕೆಂದು, "ಬೇಜಾರ್ ಮಾಡ್ಕೋಬೇಡಿ, ಇವ್ರು ನಮ್ಮಪ್ಪನ ಶವಯಾತ್ರೇಲೂ ಹೊತ್ತೋರ ಹೆಜ್ಜೆ ಕೂಡಿಲ್ಲ ಅಂದೋರು" ಎಂದರು. ಅದು ನಿಜವೂ ಆಗಿತ್ತಂತೆ. ಅತಿಥಿ ಚಹಾ ಮುಗಿಸದೆ ಎದ್ದುಹೋದ. ಮರುವರ್ಷ ಅವನ ಆಕೃತಿ ಅದೇ ತೆಪ್ಪದ ಮೇಲೆ ಕುಳಿತು ನೀರಿಗೆ ಕಾಲು ಇಳಿಬಿಟ್ಟಿತ್ತು.

ಇಷ್ಟು ಕಲಿತವರು ರಂಗವನ್ನೇಕೆ ಬಿಟ್ಟರೆಂಬುದನ್ನು ಅವರು ಒಂದೇ ಸಲ ಹೇಳಿದ್ದು, ಅದೂ ಕಡಲೆಕಾಯಿ ಬಿಡಿಸುತ್ತಾ, ಯಾರದೋ ಕಥೆಯೆಂಬಂತೆ. ಹಿರಿಯರು ಎತ್ತರದ ಮರದ ಪಾದುಕೆ ತೊಟ್ಟು ಬೊಂಬೆಯಾಡಿಸುತ್ತಾರೆ. ಕಾಲಿನವನು ತಪ್ಪಿದರೆ, ಸಭೆಗೆ ಕಾಣದಂತೆ, ಆ ಪಾದುಕೆಯಿಂದ ಒಂದು ಒದೆ. "ಎಷ್ಟು ಒದೆ ತಿಂದಿದ್ದೀನೋ, ಲೆಕ್ಕ ಇಲ್ಲ. ಒಂದು ಚಳಿಗಾಲ ದೊಡ್ಡ ತಪ್ಪು ಮಾಡ್ದೆ. ಒದೆ ಬರ್ಲಿಲ್ಲ. ಗುರುಗಳು ಮರ್ತಿರಬೇಕು ಅಂದ್ಕೊಂಡೆ. ಮಾರನೇ ದಿನ ಬೇಕೂಂತಲೇ ತಪ್ಪಿದೆ. ಆಗ್ಲೂ ಬರ್ಲಿಲ್ಲ. ಆಟ ಮುಗಿದ್ಮೇಲೆ 'ಚೆನ್ನಾಗಿ ಮಾಡ್ದೆ' ಅಂದ್ರು." ಒಂದು ಕಡಲೆಕಾಯಿ ಬಿಡಿಸಿದರು. ಒಳಗೆ ಟೊಳ್ಳಿತ್ತು. "ಅವರು ನನ್ನ ಕೈಬಿಟ್ಟಿದ್ರು. ಆ ವಾರವೇ ಬಂದ್ಬಿಟ್ಟೆ."

ಸೊನೊಬೆ ಅಣ್ಣತಂಗಿಯರ ಪ್ರಸಂಗ ಇದಾದ ಎಷ್ಟೋ ಕಾಲದ ಮೇಲಿನದು. ಅಣ್ಣ ಸುನಾವೋ ಊರಿನ ಪೂರ್ವದ ಒಂದು ತಿರುಪುಮೊಳೆಯ ಕಾರ್ಖಾನೆಯಲ್ಲಿ ಕೆಲಸಗಾರ, ತಂಗಿ ಚಿಗುಸಾ ಕನ್ನಡಕದ ಅಂಗಡಿಯಲ್ಲಿ. ಇಬ್ಬರೂ ಮದುವೆಯ ವಯಸ್ಸನ್ನು ನಗುನಗುತ್ತಾ ದಾಟಿದವರು. ಇಬ್ಬರೂ ಸೇರಿ 'ಹಿಮಕಣಿವೆಯ ಓಲೆಕಾರ' ಎಂಬ, ಯಾರೂ ನೆನಪಿಟ್ಟುಕೊಳ್ಳದ ಒಂದು ಹಳೆಯ ಆಟಕ್ಕೆ ಟಾಸ್ ನೇಯುತ್ತಿದ್ದರು. ಬಿದಿರ ಕೋಲಿಗೆ ಓಲೆಪೆಟ್ಟಿಗೆ ಕಟ್ಟಿ ಹೆಗಲ ಮೇಲಿಟ್ಟುಕೊಂಡು, ಹಿಮ ಬೀಳುವ ಮೊದಲು ಬೆಟ್ಟದಾಚೆಗೆ ಓಡಬೇಕಾದ ಓಲೆಕಾರ. ಮೊದಲ ಭಾಗ ಅಣ್ಣನದು, ಉಳಿದದ್ದು ತಂಗಿಯದು. ವರ್ಷಗಳೇ ಹಿಡಿದವು. ಮುಗಿಯುವ ಹೊತ್ತಿಗೆ ಸುನಾವೋಗೆ ಹೊಟ್ಟೆಯೊಳಗಿನ ದೊಡ್ಡ ಕಾಯಿಲೆ ಕಂಡುಬಂದು, ವೈದ್ಯರು ಮುಂದಿನ ವರ್ಷದ ಮಾತೆತ್ತುವುದನ್ನು ಬಿಟ್ಟಿದ್ದರು.

ಈ ಆಟಗಳ ಒಡಲಲ್ಲಿ ಒಂದು ಗುಪ್ತ ಎಣಿಕೆ ಓಡುತ್ತಿರುತ್ತದೆ. ಯಾವ ಕಾಗೆ ಎಲ್ಲಿಂದ ಎರಗಬೇಕು, ಯಾವ ಬಂಡೆ ಯಾವಾಗ ಉರುಳಬೇಕು ಎಂಬುದೆಲ್ಲ ಅದರ ಪ್ರಕಾರ. ಆರಂಭದಲ್ಲಿ ಒಂದೇ ಹೆಜ್ಜೆ ಬದಲಿಸಿದರೂ ಆ ಎಣಿಕೆ ಕದಲಿ, ಮುಂದಿನ ಕಾಗೆಗಳೆಲ್ಲ ಬೇರೆ ದಾರಿ ಹಿಡಿಯುತ್ತವೆ; ಮುಂದೆ ನೇಯ್ದದ್ದೆಲ್ಲ ಕಳಚಿ ಬೀಳುತ್ತದೆ. ಆದ್ದರಿಂದ ಕೊನೆಯಲ್ಲಿ ಕಂಡ ದೋಷ ಒಂದು ವಾರದ ಕೆಲಸ. ಮೊದಲಲ್ಲಿ ಕಂಡದ್ದು ಅಷ್ಟೂ ವರ್ಷಗಳದು.

ತೋರಿಸುವ ಭಾನುವಾರದ ಬೆಳಗ್ಗೆ ನಾನೂ ಮಿನೋವಾ ಸಾನರೂ ಅಂಗಡಿಗೆ ಬರುತ್ತಿದ್ದಾಗ ಚಿಗುಸಾ ಮೆಟ್ಟಿಲ ಬುಡದಲ್ಲಿ ಕಾದು ನಿಂತಿದ್ದಳು. "ಮಿನೋವಾ ಸಾನ್, ಒಂದ್ ಮಾತು. ಇವತ್ತು ನಿಮ್ಗೇನಾದ್ರೂ ಕಂಡ್ರೂ… ಅದ್ರಲ್ಲೂ ಅಣ್ಣನ ಭಾಗದಲ್ಲಿ ಕಂಡ್ರೆ… ಹೇಳ್ಬೇಡಿ. ಈ ಒಂದ್ಸಲ. ತಪ್ಪಿದೆ ಅಂತ ಗೊತ್ತಾದ್ರೆ ಅವನು ಮತ್ತೆ ಮೊದಲಿಂದ ಶುರುಮಾಡ್ತಾನೆ. ಮುಗಿಸೋಷ್ಟು ಹೊತ್ತು ಅವನ ಹತ್ರ ಇಲ್ಲ. ಮುಗೀತು ಅಂದ್ಕೊಂಡು ಹೋಗ್ಲಿ." ಕೈಮುಗಿದಳು. ಮಿನೋವಾ ಸಾನರ ಕಣ್ಣು ಅವಳ ಕಾಲಿನಲ್ಲೇ ಇತ್ತು. ಅವಳು ಅವಸರದಲ್ಲಿ ಆಸ್ಪತ್ರೆಯ ಚಪ್ಪಲಿಯಲ್ಲೇ ಬಂದಿದ್ದಳು. ಅವರು ಆ ಚಪ್ಪಲಿಗಳಿಗೆ ತಲೆಬಾಗಿ ಮೆಟ್ಟಿಲು ಹತ್ತಿದರು.

ಮಧ್ಯಾಹ್ನ ಸುನಾವೋ ಬಂದ. ತಾನೆದಾ ಕಂಕುಳಿಗೆ ಕೈಕೊಟ್ಟು ಒಂದೊಂದೇ ಮೆಟ್ಟಿಲು ಹತ್ತಿಸುತ್ತಿದ್ದರು.

"ಸ್ವರ್ಗದ ಮೆಟ್ಟಿಲೂ ಇಷ್ಟು ಕಡಿದಾಗಿದ್ರೆ ನಾನು ಬರಲ್ಲ ಅಂದ್ಬಿಡ್ತೀನಿ, ತಾನೆದಾ ಸಾನ್."

"ಅಲ್ಲಿ ಲಿಫ್ಟಿದೆ ಕಣಯ್ಯಾ. ನಿನ್ನಂಥೋರಿಗೆ ಕೆಳಗಿಳಿಯೋ ಬಟನ್ ಮಾತ್ರ ಕೆಲಸ ಮಾಡೋದು."

ಗೋಡೆಗೊರಗಿಸಿ ಕೂರಿಸಿದೆವು. ಉಣ್ಣೆಯ ಕಾಲುಚೀಲದೊಳಗೆ ಪಾದಗಳು ಊದಿಕೊಂಡಿದ್ದವು. ಟೀವಿ ಬೆಳಗಿತು. ಓಲೆಕಾರ ಹೊರಟ.

ನಾನು ಎಷ್ಟೋ ಟಾಸುಗಳನ್ನು ನೋಡಿದ್ದೇನೆ. ಇಷ್ಟು ಜೀವವಿದ್ದದ್ದನ್ನು ನೋಡಿರಲಿಲ್ಲ. ಕಾಗೆಗಳು ಅವನ ಟೋಪಿಯ ಅಂಚನ್ನು ಸವರಿ ಹೋದವು, ಬಂಡೆಗಳು ಅವನು ಬಿಟ್ಟುಹೋದ ಹೆಜ್ಜೆಗಳ ಮೇಲೆ ಬಿದ್ದವು. ಕಣಿವೆಯ ಅಂಚಿನಲ್ಲಿ, ಆಚೆ ದಾಟಿಸುವ ಹಗ್ಗದ ತೊಟ್ಟಿಲಿಗಾಗಿ ಕಾಯಬೇಕು. ಅವಸರಪಡಿಸಿದರೂ ಅದು ಬೇಗ ಬಾರದು. ಸುನಾವೋನ ಓಲೆಕಾರ ಅಲ್ಲಿ ನಿಂತು, ಹೆಗಲು ಬದಲಿಸಿ, ಚಳಿಗೆ ಎರಡು ಸಲ ಕಾಲು ಕುಟ್ಟಿದ. ಟಪ್, ಟಪ್. ಅಷ್ಟೇ. ನಮ್ಮಲ್ಲೊಬ್ಬರು 'ಆಹಾ' ಎಂದರು. ತೊಟ್ಟಿಲು ಬಂತು, ಓಲೆಕಾರ ಜಿಗಿದ. ಆಗ ನನ್ನ ಪಕ್ಕದಲ್ಲಿ, ಮಿನೋವಾ ಸಾನರ ಕೋಟಿನ ಬಲಗಡೆಯ ಅಂಚು ಹಾರಿತು.

ಮುಂದೆ ತಂಗಿಯ ಭಾಗ. ಬೆಟ್ಟದ ನೆತ್ತಿಯಲ್ಲಿ ಕೊನೆಯ ಬಟನ್ ಒತ್ತಿದ ಮೇಲೆ ಯಾರ ಬೆರಳೂ ಇಲ್ಲದೆ, ಅದುವರೆಗಿನ ವೇಗದಲ್ಲೇ ಓಲೆಕಾರ ಇಳಿಜಾರಿನಲ್ಲಿ ಜಾರಿಹೋಗಿ ಊರಬಾಗಿಲನ್ನು ಮುಟ್ಟಿದ. ಎಲ್ಲರ ಕಣ್ಣೂ ಬೋರಲು ಪೆಟ್ಟಿಗೆಯ ಕಡೆ ತಿರುಗಿತು.

ಮಿನೋವಾ ಸಾನ್ ಗಂಟಲು ಸರಿಮಾಡಿಕೊಂಡರು. "ಚೆನ್ನಾಗಿದೆ. ಹೇಳೋಕೆ ಏನೂ ಇಲ್ಲ."

ಚಿಗುಸಾ ಹಿಡಿದಿದ್ದ ಉಸಿರನ್ನು ಬಿಟ್ಟಳು. ತಾನೆದಾ ಚಪ್ಪಾಳೆಗೆ ಕೈಯೆತ್ತಿದರು. ಸುನಾವೋ ಗೋಡೆಯಿಂದ ಬೆನ್ನು ಬಿಡಿಸಿಕೊಂಡು ಮುಂದೆ ಬಾಗಿದ.

"ಏನೂ ಇಲ್ವಾ?"

"ಇಲ್ಲ."

"ಮಿನೋವಾ ಸಾನ್, ನಾನು ಟೀವಿ ನೋಡ್ಲೇ ಇಲ್ಲ. ನಾನೇ ಮಾಡಿದ್ದನ್ನ ನಾನೇನು ನೋಡ್ಲಿ? ಮೊದಲಿಂದ್ಲೂ ನಿಮ್ಮ ಕೋಟು ನೋಡ್ತಿದ್ದೆ. ತೊಟ್ಟಿಲು ಬಂದಾಗ ಬಲಗಡೆ ಅಂಚು ಹಾರ್ತು." ಅವನಿಗೆ ಉಸಿರು ಸಾಲದಾಯಿತು. ತಡೆದು ಮುಂದುವರಿಸಿದ. "ಎಲ್ಲಾರ್ನೂ ಬೈತೀರಿ. ನನ್ನ ಬೈಯೋದು ಬಿಟ್ಬಿಟ್ರಾ? ಅಷ್ಟು ಬೇಗ ಹೋಗ್ಬಿಟ್ನಾ ನಾನು?"

ಮಿನೋವಾ ಸಾನರ ಕೈಗಳು ಕೋಟಿನ ಅಂಚನ್ನು ಬಿಟ್ಟು ತೊಡೆಯ ಮೇಲೆ ಬಿದ್ದವು. ಮರದ ಪಾದುಕೆಗಳು, ಬಾರದೆ ಹೋದ ಆ ಒದೆ, 'ಚೆನ್ನಾಗಿ ಮಾಡ್ದೆ' ಎಂಬ ಮಾತು ನನಗೆ ನೆನಪಾದವು, ಅವರಿಗೆ ಆಗಿರಲಾರದೇ? ಅವರು ಸುನಾವೋನ ಊದಿದ ಪಾದಗಳನ್ನು ಬಹಳ ಹೊತ್ತು ನೋಡಿದರು. ದೃಷ್ಟಿ ಮೊಣಕಾಲಿಗೆ, ಸೊಂಟಕ್ಕೆ, ಭುಜಕ್ಕೆ ಏರಿತು. ಮುಖವನ್ನು ತಲುಪಿದಾಗ ಅವರ ಕಣ್ಣು ಒದ್ದೆಯಾಗಿತ್ತು.

"ಹಾಗಾದ್ರೆ, ಕಾಲಿನ ಕಡೆಯಿಂದ…" ಎಂದು ಶುರುಮಾಡಿದರು. "ಎರಡು ಸಲ ಕಾಲು ಕುಟ್ಟಿದ. ಅದು ಬಹಳ ಚೆನ್ನಾಗಿದೆ, ಅದನ್ನ ಯಾರೂ ಮುಟ್ಟಬಾರ್ದು. ಆದ್ರೆ ಕುಟ್ಟಿದ್ದು ಎಡಗಾಲಲ್ಲಿ. ಅದಕ್ಕೇ ತೊಟ್ಟಿಲಿಗೆ ಬಲಗಾಲು ಮುಂದಾಯ್ತು, ಅರ್ಧ ಹೆಜ್ಜೆ ಹೆಚ್ಚಾಯ್ತು. ಬಲಗಾಲಲ್ಲಿ ಕುಟ್ಟಿ ಎಡಗಾಲಲ್ಲಿ ಹತ್ತಬೇಕಿತ್ತು."

"ಕೈಮುಗ್ದು ಕೇಳ್ಕೊಂಡಿದ್ದೆ!" ಚಿಗುಸಾ ಎದ್ದು ನಿಂತಿದ್ದಳು. "ಇದೊಂದೇ ಕೇಳಿದ್ದು ನಾನು. ನಿಮಗೆ ಬೊಂಬೆ ಕಾಲು ಬಿಟ್ರೆ ಮನುಷ್ಯರು ಕಾಣೋದೇ ಇಲ್ವಾ?"

ಸುನಾವೋ ನಗುತ್ತಿದ್ದ. ನೋವಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಎಡಗಾಲು! ಥತ್, ನನ್ನ ಮಂಡೆಗಿಷ್ಟು. ಎಷ್ಟು ಸಲ ನೋಡಿದ್ದೀನಿ, ಕಾಣ್ಲೇ ಇಲ್ಲ ನೋಡು. ಕೂತ್ಕೋ ಚಿಗುಸಾ. ಅದು ನನ್ನ ತಪ್ಪು, ನಂಗೇ ಇರ್ಲಿ. ಹೆದರ್ಕೋಬೇಡ, ತಿದ್ದಲ್ಲ. ಹೀಗೇ ಇಂಟರ್ನೆಟ್ಟಲ್ಲಿ ಎಲ್ಲಾರಿಗೂ ತೋರ್ಸು. ಕೆಳಗೆ ಅವರು ಹೇಳಿದ್ದನ್ನ ಹಾಗ್ಹಾಗೇ ಹಾಕು."

"ತಪ್ಪನ್ನ ನಾವೇ ಹಾಕೋದಾ?"

"ತಪ್ಪೇ ಇಲ್ದಿದ್ರೆ ಚಪ್ಪಾಳೆ ತಟ್ಟಿ ಮನೆಗೆ ಹೋಗ್ತಾರೆ ಕಣೇ, ಅಲ್ಲಿಗೆ ಮುಗೀತು. ಅರ್ಧ ಹೆಜ್ಜೆ ಉಳಿದಿದೆ ಅಂದ್ರೆ ಯಾರಾದ್ರೂ ಬಂದೇ ಬರ್ತಾರೆ. ಈ ಓಲೆಕಾರನ್ನ ನಮ್ಮಿಬ್ಬರನ್ನ ಬಿಟ್ಟು ಮೂರನೆಯೋರು ಯಾವತ್ತಾದ್ರೂ ತಿರುಗಿ ನೋಡಿದ್ರಾ?"

ಚಿಗುಸಾ ಕುಳಿತಳು. ಅಂದು ಅವಳು ಮಿನೋವಾ ಸಾನರಿಗೆ ಹೋಗಿಬರುತ್ತೇನೆಂದು ಹೇಳದೆ ಹೋದಳು. ಸುನಾವೋ ಮಾತ್ರ ಇಳಿಯುವಾಗ ಪ್ರತಿ ಮೆಟ್ಟಿಲಿಗೂ "ಈಗ ಎಡಗಾಲು, ಈಗ ಬಲಗಾಲು" ಎಂದು ಗಟ್ಟಿಯಾಗಿ ಹೇಳುತ್ತಾ, ತಾನೆದಾ ಅವರನ್ನು ನಗಿಸುತ್ತಾ ಇಳಿದ.

ಬೇಸಿಗೆಯ ಜೀರುಂಡೆಗಳು ಕೂಗಲು ಶುರುಮಾಡುವ ಮೊದಲೇ ಅವನು ಹೋದ. ಚಿಗುಸಾ ಅಟ್ಟಕ್ಕೆ ಬರುವುದನ್ನು ಬಿಟ್ಟಳು. ಅವನು ಹೇಳಿದಂತೆಯೇ ಓಲೆಕಾರ ಲೋಕದ ಮುಂದಿದ್ದ, ಅವನ ಅಡಿಯಲ್ಲಿ ಆ ಅರ್ಧ ಹೆಜ್ಜೆಯ ಸಾಲೂ ಇತ್ತು. ಎರಡು ಚಳಿಗಾಲ ಯಾರೂ ಬರಲಿಲ್ಲ. ಮಿನೋವಾ ಸಾನ್ ಬೋರಲು ಪೆಟ್ಟಿಗೆಯ ಮೇಲೆ ಕುಳಿತು ಬೇರೆಯವರ ಆಟಗಳಿಗೆ ದೋಷ ಹೇಳುತ್ತಲೇ ಇದ್ದರು. ಆದರೆ ದೋಷ ಹೇಳಿದ ಮೇಲೆ, ಮೊದಲು ಮಾಡದಿದ್ದ ಒಂದು ಕೆಲಸ ಮಾಡುತ್ತಿದ್ದರು: ಮೆಟ್ಟಿಲ ಕಡೆ ತಿರುಗಿ ನೋಡುತ್ತಿದ್ದರು.

ಮೂರನೆಯ ವಸಂತದಲ್ಲಿ ತಾನೆದಾ ಏದುಸಿರು ಬಿಡುತ್ತಾ ಮೇಲೆ ಬಂದರು. "ಬಂದಿದ್ದಾರ್ರೀ! ಓಲೆಕಾರನಿಗೆ ಯಾರೋ ಬಂದಿದ್ದಾರೆ!" ಯಾರೋ ದೂರದ ದ್ವೀಪದವರು, ನಮ್ಮಲ್ಲಿ ಯಾರೂ ಅವರ ಮುಖ ಕಂಡಿರಲಿಲ್ಲ. ಚಿಗುಸಾಗೆ ಹೇಳಿಕಳಿಸಿದೆವು. ಅವಳು ಬಂದು, ಅಣ್ಣ ಒರಗಿದ್ದ ಗೋಡೆಗೇ ಒರಗಿ ಕುಳಿತಳು. ಟೀವಿಯಲ್ಲಿ ಮೊದಲು ಹೆಸರುಗಳು ಮೂಡಿದವು: ಸೊನೊಬೆ ಸುನಾವೋ, ಸೊನೊಬೆ ಚಿಗುಸಾ, ಅವುಗಳ ಕೆಳಗೆ ಆ ಅಪರಿಚಿತರದು. ಕಣಿವೆಯ ಅಂಚಿನಲ್ಲಿ ಓಲೆಕಾರ ನಿಂತ. ಹೆಗಲು ಬದಲಿಸಿದ. ಬಲಗಾಲಲ್ಲಿ ಎರಡು ಸಲ ನೆಲ ಕುಟ್ಟಿದ. ಟಪ್, ಟಪ್. ಎಡಗಾಲು ಮುಂದಿಟ್ಟು ತೊಟ್ಟಿಲು ಹತ್ತಿದ. ಅಂಚು ಹಾರಲಿಲ್ಲ. ಅಲ್ಲಿಂದ ಮುಂದೆ ಕಾಗೆಗಳು ಬೇರೆ ದಾರಿಯಲ್ಲಿ ಬಂದವು, ಬಂಡೆಗಳು ಬೇರೆ ಹೊತ್ತಿಗೆ ಉರುಳಿದವು. ಎಲ್ಲವನ್ನೂ ಆ ಕಾಣದ ಕೈ ಹೊಸದಾಗಿ ನೇಯ್ದಿತ್ತು.

ಮುಗಿದಾಗ ಮಿನೋವಾ ಸಾನರ ಕಣ್ಣು ಚಿಗುಸಾಳ ಪಾದಗಳ ಮೇಲಿತ್ತು. ಚಿಗುಸಾಳೇ ಮಾತೆತ್ತಿದಳು. "ಕೊನೇ ಇಳಿಜಾರಿನ ಹತ್ರ ಕೋಟು ಹಾರ್ತು, ಮಿನೋವಾ ಸಾನ್. ನಾನೂ ನೋಡ್ದೆ. ಹೇಳಿ. ಹೇಳ್ದಿದ್ರೆ ಅವರು ಏನಂದ್ಕೋತಾರೆ?"

ಅವರು ಗಂಟಲು ಸರಿಮಾಡಿಕೊಂಡರು.

ಇಂಥವರು ಎಲ್ಲ ಊರಿನಲ್ಲೂ ಒಬ್ಬಿಬ್ಬರು ಇರುತ್ತಾರೆ. ತಾಳಮದ್ದಳೆಯ ಮುಂದಿನ ಸಾಲಿನಲ್ಲಿ, ಕಮ್ಮಾರನ ಅಂಗಡಿಯ ಕಟ್ಟೆಯ ಮೇಲೆ, ಮದುವೆಮನೆಯ ಪಂಕ್ತಿಯ ಕೊನೆಯಲ್ಲಿ. ಅವರು ಬಂದರೆಂದರೆ ಮಾಡುವವರು ಕೈಯ ಕೆಲಸವನ್ನು ಇನ್ನೊಮ್ಮೆ ತಿರುವಿ ನೋಡುತ್ತಾರೆ, ಅವರು ಬಾರದಿದ್ದರೆ ಮಾಡಿದ್ದು ಯಾಕೋ ಸಪ್ಪೆಯೆನಿಸುತ್ತದೆ. ಅವರನ್ನು ಕಠಿಣಹೃದಯರೆಂದು ಕರೆಯುವುದು ಸುಲಭ. ನಾನೂ ಕೆಲಕಾಲ ಹಾಗೆಯೇ ಎಣಿಸಿದ್ದೆ. ಮೆಚ್ಚಿದವರು ಒಂದು ಹೂವಿಟ್ಟು ಮುಂದೆ ಸಾಗುತ್ತಾರೆ, ಅದು ತಪ್ಪೇನಲ್ಲ. ದೋಷ ಹೇಳುವವರು ಮಾತ್ರ ಅಲ್ಲಿಯೇ ಕುಳಿತಿರುತ್ತಾರೆ, ನಾಳೆಯೂ ಈ ಕೈ ಕೆಲಸ ಮಾಡುತ್ತದೆ, ಈ ಕೈಯಲ್ಲದಿದ್ದರೆ ಇನ್ನೊಂದು ಎಂಬ ಮೊಂಡು ನಂಬಿಕೆಯಿಂದ, ಎಲ್ಲರಿಗಿಂತ ತಗ್ಗಿನಲ್ಲಿ, ಕೋಟಿನ ಅಂಚನ್ನು ಸವೆಸುತ್ತಾ.